ಮೀನುಗಾರಿಕೆ ನಿಷೇಧದ ಸುದ್ದಿ: ಅಟ್ಲಾಸ್ ಇಟ್ಟುಕೊಂಡು ಓದುವುದು ಹೇಗೆ?

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಮೇ ತಿಂಗಳ ಒಂದು ಸುದ್ದಿಯಲ್ಲಿ ಪ್ರತಿ ವರ್ಷ ಎಡವುತ್ತಾರೆ. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಮೀನುಗಾರಿಕೆ ನಿಲ್ಲಿಸಿತು, ವಿಯೆಟ್ನಾಂ ಮತ್ತು ಫಿಲಿಪ್ಪೀನ್ಸ್ ವಿರೋಧಿಸಿದವು ಅಂತ ಬರುತ್ತದೆ. ನೋಟ್ಸಿನಲ್ಲಿ ಸುಮ್ನೆ '12' ಅಂತ ಬರೆದಿಡುತ್ತಾರೆ. 12 ಮೈಲಿಯೋ, 12 ಡಿಗ್ರಿಯೋ? ಅಲ್ಲೇ ಎಲ್ಲ ಕಲಸಿಹೋಗುತ್ತದೆ.

ಅಟ್ಲಾಸ್, ಪೆನ್ಸಿಲ್, ಒಂದು ಕಾಗದದ ಪಟ್ಟಿ ಸಾಕು. ಗೋಡೆಗೆ ಅಂಟಿಸುವ ಅಗ್ಗದ ನಕ್ಷೆ ಕೊಳ್ಳಲೇಬೇಡಿ, ಬಣ್ಣ ಜಾಸ್ತಿ, ಗೆರೆ ಕಡಿಮೆ. ಫೋನಿನ ಸ್ಕ್ರೀನ್‌ಶಾಟ್ ಕೂಡ ಬೇಡ.

ಮೊದಲು ತಾರೀಖು ಬರೆಯಿರಿ. ಚೀನಾ 1999ರಿಂದ ಈ ನಿಷೇಧ ಹಾಕುತ್ತಿದೆ, ಈಚಿನ ವರ್ಷಗಳಲ್ಲಿ ಮೇ 1ರಿಂದ ಆಗಸ್ಟ್ 16.

ಇನ್ನು ನಿಧಾನ ಮಾಡಿ, ಎಲ್ಲರೂ ಕೆಡಿಸುವುದು ಇಲ್ಲೇ. 12 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಒಂದು ಗೆರೆ ಎಳೆಯಿರಿ. ನಿಷೇಧ ಅದಕ್ಕಿಂತ ಉತ್ತರಕ್ಕಿರುವ ನೀರಿಗೆ. ಗುರುತಿಗೆ ನಮ್ಮ ಯಾದಗಿರಿಯನ್ನೇ ಹಿಡಿಯಿರಿ: ಅಲ್ಲಿಂದ ನೇರ ಪೂರ್ವಕ್ಕೆ ಬೆರಳು ಸರಿಸಿದರೆ ಚೀನಾ ಮತ್ತು ವಿಯೆಟ್ನಾಂ ಕಿತ್ತಾಡುವ ಪ್ಯಾರಾಸೆಲ್ ದ್ವೀಪಗಳೇ ಸಿಗುತ್ತವೆ, ಅಂದರೆ ಯಾದಗಿರಿಯಂತೆ ಅವೂ ಗೆರೆಗಿಂತ ಉತ್ತರಕ್ಕೆ. ಸ್ಪ್ರಾಟ್ಲಿ ದ್ವೀಪಗಳು ಬಹುಪಾಲು ಕೆಳಗೆ. 12 ನಾಟಿಕಲ್ ಮೈಲಿ ಬೇರೆಯೇ ವಿಷಯ, ಅದು ದಡದಿಂದ ಅಳೆಯುವ ಪ್ರಾದೇಶಿಕ ಸಮುದ್ರ, ಅಂದರೆ ಆ ದೇಶದ್ದೇ ನೀರು. 200 ನಾಟಿಕಲ್ ಮೈಲಿವರೆಗೆ ವಿಶೇಷ ಆರ್ಥಿಕ ವಲಯ, ಅಲ್ಲಿನ ಮೀನಿನ ಮೇಲೆ ಹಕ್ಕು ಆ ದಡದ ದೇಶದ್ದು.

ಈ 200 ಅಳೆಯುವುದು ಹೇಗೆ? ಒಂದು ಡಿಗ್ರಿ ಅಕ್ಷಾಂಶಕ್ಕೆ 60 ನಾಟಿಕಲ್ ಮೈಲಿ. ಅಟ್ಲಾಸಿನ ಪಕ್ಕದ ಅಂಚಿನಲ್ಲಿ 5 ಡಿಗ್ರಿ ಅಂತರಕ್ಕೆ ಪಟ್ಟಿ ಇಟ್ಟು, ಮೂರರಲ್ಲಿ ಎರಡು ಪಾಲಿಗೆ ಗುರುತು ಹಾಕಿ. ಅದೇ 200. ಕೆಳಗಿನ ಅಂಚಿನ ರೇಖಾಂಶದಿಂದ ಅಳೆಯಬೇಡಿ, ಭೂಮಧ್ಯರೇಖೆಯಿಂದ ದೂರ ಹೋದಂತೆ ಆ ಅಂತರ ಕಿರಿದಾಗುತ್ತದೆ, ಲೆಕ್ಕ ತಪ್ಪುತ್ತದೆ.

ಪಟ್ಟಿಯನ್ನು ಫಿಲಿಪ್ಪೀನ್ಸಿನ ಲುಝಾನ್ ದಡಕ್ಕೆ ಇಟ್ಟು ಪಶ್ಚಿಮಕ್ಕೆ ಚಾಚಿ. ಸ್ಕಾರ್ಬರೋ ಶೋಲ್ ಅನ್ನುವ ಕಡಲ ಬಂಡೆದಿಬ್ಬ ಸುಮಾರು 120 ನಾಟಿಕಲ್ ಮೈಲಿಯಲ್ಲೇ ಬರುತ್ತದೆ. ಅದು ಫಿಲಿಪ್ಪೀನ್ಸಿನ 200ರ ಒಳಗೂ ಇದೆ, ಚೀನಾದ ನಿಷೇಧದ ಗೆರೆಗಿಂತ ಉತ್ತರಕ್ಕೂ ಇದೆ. ಜಗಳ ಇರುವುದೇ ಇಲ್ಲಿ, ಅಲ್ವಾ? 'ಮೀನು ಮರಿ ಮಾಡುವ ಕಾಲ, ಬಿಟ್ಟರೇನು' ಅಂತ ಬರೆದು ಮುಗಿಸಬೇಡಿ. ಆದೇಶ ಪಾಲಿಸಿದರೆ ಆ ನೀರು ಚೀನಾದ್ದು ಅಂತ ಒಪ್ಪಿದಂತೆ ಆಗುತ್ತದೆ, ಬಡ ಮೀನುಗಾರನ ದುಡಿಮೆಯೂ ಹೋಗುತ್ತದೆ. 2012ರ ನಿಷೇಧ ಫಿಲಿಪ್ಪೀನ್ಸಿನ ಹಕ್ಕಿಗೆ ಧಕ್ಕೆ ತಂದಿತು ಅಂತ 2016ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಹೇಳಿತು. ಚೀನಾ ಆ ತೀರ್ಪನ್ನೇ ಒಪ್ಪಲಿಲ್ಲ.

ನಮ್ಮ ದೇಶದ್ದು ಸುಲಭ: ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14, ಪಶ್ಚಿಮಕ್ಕೆ ಜೂನ್ 1ರಿಂದ ಜುಲೈ 31. ದಡದಿಂದ 12 ನಾಟಿಕಲ್ ಮೈಲಿ ಒಳಗೆ ರಾಜ್ಯದ ಆದೇಶ, ಆಚೆ ಕೇಂದ್ರದ್ದು. ಇದನ್ನು ಬೇರೆ ಹಾಳೆಯಲ್ಲೇ ಬರೆಯಿರಿ.