ಮಾಡಿಫೈ ಮಾಡಿದ ಥಾರ್ ಮಾರಿದ್ದು ಹೀಗೆ

ಚಿತ್ರದುರ್ಗದಲ್ಲಿ ನನ್ನ ಮಹೀಂದ್ರ ಥಾರ್ ಜೀಪ್ ಮಾರಲು ಇಟ್ಟಾಗ ನೋಡಲು ಬಂದವರೇ ಜಾಸ್ತಿ. ಕೆಸರಿನಲ್ಲಿ ಓಡಿಸುವ ದೊಡ್ಡ ಮಡ್ ಟೈರ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ಕಬ್ಬಿಣದ ಬಂಪರ್ ಎಲ್ಲಾ ಇತ್ತು. ಆದರೆ ಪ್ರತಿಯೊಬ್ಬರೂ ಕೇಳಿದ್ದು, "ಅಣ್ಣ, ಆರ್‌ಸಿಯಲ್ಲಿ ಇದೆಲ್ಲಾ ಇದೆಯಾ?"

ಅವರ ಭಯ ಸರಿಯಾದದ್ದೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು.

ಹಾಗಾಗಿ ಗಾಡಿ ಬೇರೆ, ಸಾಮಾನು ಬೇರೆ ಮಾರಿದೆ. ಕಂಪನಿಯ ಟೈರ್, ಸ್ಪ್ರಿಂಗ್, ಬಂಪರ್ ಮನೆಯಲ್ಲೇ ಇದ್ದವು. ದಾವಣಗೆರೆಯ ಗ್ಯಾರೇಜಿನಲ್ಲಿ ಅವನ್ನೇ ಹಾಕಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಮಾಡಿಫೈ ಮಾಡುವಾಗ ತೆಗೆದಿಟ್ಟ ಕಂಪನಿ ಭಾಗಗಳನ್ನು ಗುಜರಿಗೆ ಹಾಕಬೇಡಿ, ದಯವಿಟ್ಟು! ವಿಂಚ್, ಟೈರುಗಳಿಗೆ ಆಫ್‌ರೋಡ್ ಗೆಳೆಯರೇ ಒಳ್ಳೆ ಬೆಲೆ ಕೊಟ್ಟರು.

ಇನ್ನೊಂದು ಮಾತು. ದೊಡ್ಡ ಟೈರಿನಲ್ಲಿ ಮೀಟರ್ ನಿಜಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸುತ್ತದೆ. ಇದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕು, ಅಲ್ವಾ? ನಾನು ಹೇಳಿದೆ. ಹೊಸದುರ್ಗದ ತೋಟದವರೊಬ್ಬರು ಅದೇ ನಂಬಿಕೆಯ ಮೇಲೆ ಗಾಡಿ ತೆಗೆದುಕೊಂಡರು. ಗಾಡಿ ಅವರ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಆರ್‌ಟಿಒಗೆ ಕೊಟ್ಟೆವು. ವಿಮೆಯನ್ನು 14 ದಿನದೊಳಗೆ ಅವರ ಹೆಸರಿಗೆ ಮಾಡಿಸಲು ಹೇಳಿ, ನನ್ನ ಫಾಸ್ಟ್ಯಾಗ್ ಬಂದ್ ಮಾಡಿಸಿದೆ.