ಕಾರಿನ ನೆತ್ತಿಗೂ ಒಂದು ಕಾದಿಗೆ

ಶಿರಸಿಯ ನಮ್ಮ ಮನೆಯಂಗಳದಲ್ಲಿ ಕಾರು ನಿಲ್ಲಿಸುವ ಜಾಗ ಮುಂದಕ್ಕೂ ಎಡಕ್ಕೂ ತುಸು ಇಳಿಜಾರಾಗಿದೆ. ಅದರ ಮೇಲೆ ಹಳೆಯದೊಂದು ಮಾವಿನ ಮರ ಚಾಚಿಕೊಂಡಿದೆ. ಇವೆರಡನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಮಳೆಗಾಲದಲ್ಲಿ ನಾನು ಪಟ್ಟ ಪಾಡಿಗೆ ಅರ್ಧದಷ್ಟು ಕಾರಣ ಅವೇ ಆಗಿದ್ದವು. ಜನವರಿಯಲ್ಲಿ ಹುಬ್ಬಳ್ಳಿಯಿಂದ ತಂದ ಐದು ವರ್ಷ ಹಳೆಯ ಕಾರು ಅದು. ಸನ್‌ರೂಫ್, ಅಂದರೆ ಕಾರಿನ ಮಾಡಿನಲ್ಲಿ ತೆರೆದು ಮುಚ್ಚುವ ಗಾಜು, ಬೇಕೆಂದು ಹಟ ಹಿಡಿದವರು ಮನೆಯ ಮಕ್ಕಳು. ಜೂನ್ ಎರಡನೆಯ ವಾರ ಮಳೆ ಹಿಡಿದುಕೊಂಡ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಒಳಗಿನಿಂದ ಹಸಿ ಗೋಣಿಚೀಲದ ವಾಸನೆ ಬಂತು, ಗಾಜುಗಳೆಲ್ಲ ಒಳಗಿನಿಂದ ಮಂಜು ಹಿಡಿದಿದ್ದವು, ಎಡಗಡೆಯ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒತ್ತಿದರೆ ನೀರು ಜಿನುಗುತ್ತಿತ್ತು.

ನೀರು ಕಂಡ ಜಾಗವೇ ನೀರು ಬಂದ ಜಾಗವೆಂದು ನಂಬಬಾರದೆಂಬುದು ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತೇ ಇರುತ್ತದೆ. ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದರೂ ಇದೇ ಕಾಲಡಿ ಒದ್ದೆಯಾಗಬಹುದು. ಆದ್ದರಿಂದ ಎರಡು ದಿನ ಎಸಿ ಹಾಕದೆ ನೋಡಿದೆ, ಒದ್ದೆ ಕಡಿಮೆಯಾಗಲಿಲ್ಲ. ವೈಪರುಗಳ ಕೆಳಗಿನ ಜಾಲರಿಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ತುಂಬಿದರೂ ನೀರು ಒಳಕ್ಕೆ ತಿರುಗುತ್ತದೆ; ಅದನ್ನೂ ತೆಗೆದು ಸ್ವಚ್ಛ ಮಾಡಿದ್ದಾಯಿತು. ಬಾಗಿಲಿನ ಹೊಸ್ತಿಲು ಒಣಗಿಯೇ ಇತ್ತು. ಕೊನೆಗೆ ಮುಂಗಾಜಿನ ಪಕ್ಕದ ಕಂಬದ ಮೇಲೆ, ಕಂಬದ ಒಳಮುಚ್ಚಳವೂ ಮಾಡಿನ ಒಳಗಿನ ಬಟ್ಟೆಯೂ ಸೇರುವಲ್ಲಿ ಬೆರಳಾಡಿಸಿದಾಗ ತಣ್ಣಗೆ ಹತ್ತಿತು. ನೀರು ಇಳಿಯುತ್ತಿದ್ದದ್ದು ಮೇಲಿನಿಂದ.

ನನ್ನ ಮೊದಲ ತಪ್ಪೆಂದರೆ ಕಾರನ್ನು ಒಂದು ಗ್ಯಾರೇಜಿಗೆ ಒಯ್ದು, ಏನು ಮಾಡುತ್ತಾರೆಂದು ಕೇಳದೆ ಬಿಟ್ಟುಬಂದದ್ದು. ಅಲ್ಲಿ ಸನ್‌ರೂಫಿನ ಗಾಜಿನ ಸುತ್ತ ಸಿಲಿಕಾನ್ ಮೆತ್ತಿದರು, ಕೊಳವೆಗಳಿಗೆ ಕಂಪ್ರೆಸರಿನ ಗಾಳಿ ಹೊಡೆದರು. ಮೂರನೆಯ ದಿನದ ಮಳೆಗೆ ಮೊದಲಿಗಿಂತ ಹೆಚ್ಚು ನೀರು ಬಂತು. ಗಾಜು ತೆರೆಯುವುದೂ ನಿಂತುಹೋಯಿತು. ಮತ್ತೆ ಕೇಳಿದರೆ ಇಡೀ ಚೌಕಟ್ಟನ್ನೇ ಬದಲಿಸಬೇಕೆಂದರು. ಆ ಸಂಜೆ ಮನೆಗೆ ಬಂದಿದ್ದ ಭಾವ ಕಾರಿನ ಮೇಲೆ ಬಾಗಿ ಸ್ವಲ್ಪ ಹೊತ್ತು ನೋಡಿ, "ಗಾಜು ಸೋರ್ತಾ ಇಲ್ಲೆ ಭಾವ, ನೀರು ಹೋಪ್ಲೇ ದಾರಿ ಇಲ್ಲೆ" ಎಂದ. ಸೋರುತ್ತಿರುವುದು ಗಾಜಲ್ಲ, ನೀರು ಹೊರಹೋಗಲು ದಾರಿಯೇ ಇಲ್ಲ ಎಂದು ಅವನ ಮಾತಿನ ಅರ್ಥ. ತೋಟದವನ ಕಣ್ಣು ಅದು.

ಸನ್‌ರೂಫಿನ ಗಾಜಿನ ಸುತ್ತಲಿನ ರಬ್ಬರು ನೀರನ್ನು ಪೂರ್ತಿಯಾಗಿ ತಡೆಯುವುದಕ್ಕೆಂದು ಮಾಡಿದ್ದೇ ಅಲ್ಲ. ಅದನ್ನು ದಾಟಿ ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆ. ಇಳಿದ ನೀರನ್ನು ಹಿಡಿಯಲು ಗಾಜಿನ ಕೆಳಗೆ ಸುತ್ತಲೂ ಒಂದು ದೋಣಿಯಿರುತ್ತದೆ, ದೋಣಿಯ ಮೂಲೆಗಳಿಂದ ಕಿರುಬೆರಳಿಗಿಂತ ಸಣ್ಣ ಕೊಳವೆಗಳು ಹೊರಡುತ್ತವೆ. ನನ್ನ ಕಾರಿನಲ್ಲಿ ಅಂಥವು ನಾಲ್ಕು. ಮುಂದಿನ ಎರಡು ಮುಂಗಾಜಿನ ಪಕ್ಕದ ಕಂಬಗಳೊಳಗೆ ಇಳಿದು ಮುಂಬಾಗಿಲ ತಿರುಗಣಿಯ ಆಸುಪಾಸಿನಲ್ಲಿ ಹೊರಬೀಳುತ್ತವೆ. ಹಿಂದಿನ ಎರಡು ಹಿಂಗಂಬಗಳಲ್ಲಿ ಇಳಿದು ಹಿಂಬದಿಯ ಬಂಪರಿನ ಒಳಗೆ ಮುಗಿಯುತ್ತವೆ. ಅಡಿಕೆ ತೋಟದ ಕಾದಿಗೆ, ಅಂದರೆ ನೀರು ಹೊರಹೋಗುವ ಕಾಲುವೆ, ಕಟ್ಟಿದರೆ ಮಳೆಯನ್ನು ಬೈದು ಪ್ರಯೋಜನವಿಲ್ಲ ಎಂಬಂಥದೇ ಲೆಕ್ಕ ಇದು. ಕೊಳವೆ ಕಟ್ಟಿದಾಗ ದೋಣಿ ತುಂಬುತ್ತದೆ, ಕಾರು ಯಾವ ಕಡೆಗೆ ವಾಲಿದೆಯೋ ಆ ಮೂಲೆಯಿಂದ ನೀರು ಉಕ್ಕಿ ಮಾಡಿನ ಬಟ್ಟೆಯ ಮೇಲೆ ಬೀಳುತ್ತದೆ. ನಮ್ಮ ಅಂಗಳದ ಇಳಿಜಾರು ನನ್ನ ಪಾಲಿಗೆ ಆ ಮೂಲೆಯನ್ನು ಆರಿಸಿಕೊಟ್ಟಿತ್ತು.

ಜುಲೈಯಲ್ಲಿ ಮಳೆ ಹೊಳವಾದ ಎರಡು ಸಂಜೆ ಸಿಲಿಕಾನ್ ಕೀಳುವುದಕ್ಕೇ ಹೋದವು. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ, ಉಗುರಿನಿಂದ ಎಳೆದು ತೆಗೆದೆ. ಬ್ಲೇಡು ಮುಟ್ಟಿಸಿದರೆ ರಬ್ಬರಿನ ಕಥೆಯೂ ಮುಗಿಯುತ್ತಿತ್ತು. ಗಾಜು ಹಿಂದಕ್ಕೆ ಸರಿದಾಗ ದೋಣಿಯ ಎಡಮೂಲೆಯಲ್ಲಿ ಕಂಡದ್ದು ಕಾಫಿ ಚರಟದಂಥ ಕಪ್ಪು ಕೆಸರು. ಬೆರಳಲ್ಲಿ ಉಜ್ಜಿ ನೋಡಿದರೆ ಮಾವಿನ ಹೂವಿನ ಪುಡಿ, ಇರುವೆ ತಂದಿಟ್ಟ ಮಣ್ಣು, ಜೊತೆಗೆ ನುಣ್ಣನೆಯ ಮರಳು. ಮರಳಿನ ಮೂಲ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಕಚೇರಿ ಕೆಲಸಕ್ಕೆಂದು ಕಾರವಾರಕ್ಕೆ ಹೋದಾಗಲೆಲ್ಲ ಟ್ಯಾಗೋರ್ ಕಡಲತೀರದ ಪಕ್ಕ ಸನ್‌ರೂಫನ್ನು ಅರ್ಧ ತೆರೆದೇ ಕಾರು ನಿಲ್ಲಿಸುವುದು ನನ್ನ ರೂಢಿಯಾಗಿತ್ತು.

ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆದ ಮೇಲೆ ಒಂದೊಂದು ಮೂಲೆಗೂ ಅರ್ಧ ತಂಬಿಗೆಯಷ್ಟು ನೀರನ್ನು ನಿಧಾನವಾಗಿ ಹೊಯ್ದೆ, ಭಾವ ಕೆಳಗೆ ಕುಳಿತು ನೋಡಿದ. ಬಲಗಡೆ ನಾಲ್ಕೈದು ಸೆಕೆಂಡಿನಲ್ಲಿ ನೀರು ನೆಲಕ್ಕೆ ಬಿತ್ತು, ಹಿಂದಿನೆರಡು ತಡವಾಗಿಯಾದರೂ ಹರಿದವು, ಎಡಮೂಲೆಯಲ್ಲಿ ಮಾತ್ರ ನೀರು ಕೆರೆಯಂತೆ ನಿಂತುಬಿಟ್ಟಿತು. ಕೊಳವೆ ಬಿಡಿಸಲು ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರ ಬಳಸಿದೆ; ತೋಟವಿದ್ದವರ ಮನೆಯಲ್ಲಿ ಅದರ ಸುರುಳಿ ಇದ್ದೇ ಇರುತ್ತದೆ, ಎರಡೂವರೆ ಮಿಲಿಮೀಟರಿನ ಆಸುಪಾಸಿನದು ಸಾಕು. ಕತ್ತರಿಸಿದ ತುದಿ ಸೂಜಿಯಂತೆ ಚೂಪಾಗಿರುವುದರಿಂದ ದೀಪದ ಉರಿಗೆ ಹಿಡಿದು ಗುಂಡಗೆ ಮಾಡಿಕೊಂಡೆ. ಒಂದು ಮೊಳದಷ್ಟು ಹೋದ ಮೇಲೆ ದಾರ ತಡೆಯಿತು. ತಳ್ಳದೆ ಬೆರಳುಗಳ ನಡುವೆ ಹೊಸೆಯುತ್ತಾ ಹೋದೆ. ನಾಲ್ಕಾರು ಸಲ ಎಳೆದು ಬಿಟ್ಟಾಗ ತಡೆ ಸಡಿಲಿತು, ತಿರುಗಣಿಯ ಬಳಿಯ ರಬ್ಬರಿನ ಕೊನೆಯಿಂದ ಕಪ್ಪು ನೀರು ಬುಳುಬುಳು ಬಂತು. ಬಾತುಕೋಳಿಯ ಕೊಕ್ಕಿನಂತೆ ಸೀಳಿರುವ ಆ ಕೊನೆಯೂ ಅಂಟಿಕೊಂಡಿತ್ತು. ಅದನ್ನು ಕತ್ತರಿಸಿ ಎಸೆಯುವವರಿದ್ದಾರೆ; ಹೊರಗಿನ ಧೂಳು, ಹುಳು ಒಳಗೆ ಬಾರದಂತೆ ತಡೆಯುವುದೂ ಅದೇ ಆದ್ದರಿಂದ ನಾನು ತೊಳೆದು ಉಳಿಸಿಕೊಂಡೆ.

ಇಷ್ಟಾದರೂ ಕಂಬದ ಮುಚ್ಚಳ ಮತ್ತೆ ಒದ್ದೆಯಾಯಿತು. ಮೇಲಿಂದ ಹೊಯ್ದ ನೀರಿನಲ್ಲಿ ಅರ್ಧ ಮಾತ್ರ ಕೆಳಗೆ ಬರುತ್ತಿತ್ತು. ಉಳಿದರ್ಧವನ್ನು ಹುಡುಕಲು ಕಂಬದ ಮುಚ್ಚಳ ತೆಗೆಯಲೇಬೇಕಾಯಿತು. ಇಲ್ಲಿ ಅವಸರ ಕೂಡದು. ಮಾಡಿನ ಅಂಚಿನುದ್ದಕ್ಕೂ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗು ಮಡಚಿ ಕುಳಿತಿರುತ್ತದೆ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಹತ್ತು ನಿಮಿಷ ಚಹಾ ಕುಡಿದು ಬಂದ ಮೇಲೆ ಕೈ ಹಾಕಿದೆ. ಮುಚ್ಚಳವನ್ನು ಹಿಡಿದಿರುವ ಕ್ಲಿಪ್ಪು ಒಂದು ಸಲ ಬಿಚ್ಚಿದರೆ ಮತ್ತೆ ಹಾಕುವಂಥದಲ್ಲ. ಹೊಸದನ್ನು ಮೊದಲೇ ತರಿಸಿಟ್ಟುಕೊಂಡಿದ್ದೆ. ಮಾಡಿನ ಬಟ್ಟೆ ಅಂಟಿಸಿರುವ ಹಲಗೆಯನ್ನು ಒಂದು ಗೇಣು ಕೆಳಕ್ಕೆ ಬಗ್ಗಿಸಿ ಟಾರ್ಚು ಬಿಟ್ಟರೆ, ಕೊಳವೆ ದೋಣಿಯ ಮೂತಿಯಿಂದ ಮುಕ್ಕಾಲು ಕಳಚಿ ಓರೆಯಾಗಿ ನೇತಾಡುತ್ತಿತ್ತು. ಕೆಳಗೆ ಕಟ್ಟಿದ್ದ ಕೊಳವೆಗೆ ಕಂಪ್ರೆಸರಿನ ಗಾಳಿ ಹೊಡೆದರೆ ಬೇರೇನಾಗಲು ಸಾಧ್ಯ? ಒರೆಸಿ, ಮೂತಿಯ ಬುಡ ಮುಟ್ಟುವವರೆಗೆ ಕೊಳವೆಯನ್ನು ಏರಿಸಿ, ಒಂದು ಸಣ್ಣ ಕ್ಲಿಪ್ಪನ್ನು ಮೂತಿ ಒಡೆಯದಷ್ಟೇ ಹದವಾಗಿ ಬಿಗಿದೆ. ಗಾಳಿ ಊದಲೇಬೇಕಿದ್ದರೆ ಸೈಕಲ್ ಪಂಪು ಸಾಕೆಂಬುದು ಈಗ ನನ್ನ ಅಭಿಪ್ರಾಯ.

ನೀರು ನಿಲ್ಲಿಸುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸವಾಯಿತು. ಕಾರ್ಪೆಟ್ಟಿನ ಮೇಲ್ಮೈ ಒಣಗಿದಂತೆ ಕಂಡರೂ ಅದರಡಿಯಲ್ಲಿ ಅಂಟಿಸಿರುವ ದಪ್ಪ ಚಿಂದಿಬಟ್ಟೆಯ ಪದರ ಸ್ಪಂಜಿನಂತೆ ನೀರು ಹಿಡಿದಿರುತ್ತದೆ. ನಾಲ್ಕು ಬೋಲ್ಟು ಬಿಚ್ಚಿ ಎಡ ಸೀಟು ಹೊರತೆಗೆದೆವು. ಸೀಟಿನಡಿಯ ಹಳದಿ ಕನೆಕ್ಟರು ಏರ್‌ಬ್ಯಾಗಿಗೆ ಸೇರಿದ್ದು. ಅದನ್ನು ಕಳಚಿಟ್ಟು ಕೀಲಿ ತಿರುಗಿಸಿದರೆ ಡ್ಯಾಶಿನಲ್ಲಿ ಏರ್‌ಬ್ಯಾಗಿನ ದೀಪ ಹೊತ್ತಿಕೊಂಡು ಆಮೇಲೆ ಸುಲಭಕ್ಕೆ ಆರುವುದಿಲ್ಲ. ಪಕ್ಕದ ಇನ್ನೊಂದು ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಆಗಲೇ ಮೂಡಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಪದರವನ್ನು ಹಿಂಡಿದಾಗ ಬಂದ ನೀರು ಅರ್ಧ ಬಕೆಟ್ಟು. ಆಷಾಢದ ಶಿರಸಿಯಲ್ಲಿ ಕರವಸ್ತ್ರವೇ ಒಣಗುವುದಿಲ್ಲ. ಕೊನೆಗೆ ಕಾರ್ಪೆಟ್ಟನ್ನು ಬಚ್ಚಲೊಲೆಯ ಮೇಲಿನ ಅಟ್ಟದ ಪಕ್ಕ, ಉರಿಯ ಝಳ ನೇರ ತಾಗದಷ್ಟು ದೂರದಲ್ಲಿ ಅಡಿಕೆ ದಬ್ಬೆಯ ಮೇಲೆ ಹರವಿ ನಾಲ್ಕು ದಿನ ಬಿಟ್ಟೆವು. ಚೆನ್ನಾಗಿ ಒಣಗಿತು. ಆದರೆ ಗೋಣಿಚೀಲದ ವಾಸನೆ ಹೋಗಿ ಹೊಗೆಯ ವಾಸನೆ ಬಂತು! ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮಿನಲ್ಲಿ ಎಳೆಯುವುದನ್ನು ಮೂರು ಸಲ ಮಾಡಿದ ಮೇಲೆ ತಡೆದುಕೊಳ್ಳುವಷ್ಟಾಯಿತು. ಸೀಟ್‌ಬೆಲ್ಟಿಗೆ ಬಂದಿದ್ದ ಬೂಷ್ಟನ್ನು ಉಗುರುಬೆಚ್ಚನೆಯ ಸಾಬೂನು ನೀರಿನಿಂದ ಮಾತ್ರ ಒರೆಸಿದೆ, ಬ್ಲೀಚು ನೂಲಿನ ಬಲವನ್ನೇ ತಿನ್ನುತ್ತದೆ. ಬೆಲ್ಟನ್ನು ಪೂರ್ತಿ ಹೊರಗೆಳೆದು ಕಟ್ಟಿಟ್ಟು, ಒಣಗಿದ ಮೇಲೆಯೇ ಒಳಕ್ಕೆ ಬಿಟ್ಟೆ.

ಎಲ್ಲವನ್ನೂ ಕೂರಿಸುವ ಮುನ್ನ ಕಾರ್ಪೆಟ್ಟಿನಡಿ ಹಳೆಯ ಪತ್ರಿಕೆಯ ಹಾಳೆ ಹಾಸಿ, ಸುರಿಯುವ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಬಂದೆ. ಇಳಿಯುವಾಗ ನೀರೆಲ್ಲ ಮುಂದಿನ ಕೊಳವೆಗಳಿಗೆ, ಏರುವಾಗ ಹಿಂದಿನವುಗಳಿಗೆ ನುಗ್ಗುವುದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋಚಲಿಲ್ಲ. ಮನೆಗೆ ಬಂದು ಎತ್ತಿ ನೋಡಿದರೆ ಹಾಳೆ ಗರಿಗರಿಯಾಗಿತ್ತು.

ಮಾಡಿನ ಬಟ್ಟೆಯನ್ನು ಮಾತ್ರ ದೀಪಾವಳಿ ಕಳೆದು ಗಾಳಿ ಒಣಗುವವರೆಗೆ ಮುಟ್ಟಲಿಲ್ಲ. ಅಂಗೈಯಗಲ ಜೋತುಬಿದ್ದಿದ್ದ ಕಡೆ ಮಳೆಗಾಲದಲ್ಲೇ ಒಮ್ಮೆ ರಬ್ಬರ್ ಅಂಟು ಹಚ್ಚಿ ಕೂರಿಸಲು ಹೋಗಿ, ಅಂಟು ಬಟ್ಟೆಯನ್ನು ದಾಟಿ ಹಳದಿ ಕಲೆ ಮಾಡಿತ್ತು. ಜೋತುಬೀಳುವುದು ಬಟ್ಟೆಯ ದೋಷವಲ್ಲ. ಅದರ ಬೆನ್ನಿಗಿರುವ ತೆಳು ಫೋಮು ನೀರಿಗೂ ಬಿಸಿಗೂ ಸಿಕ್ಕಿ ಪುಡಿಯಾಗಿರುತ್ತದೆ, ಪುಡಿಯ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಮುಂದಿನ ಸೀಟುಗಳನ್ನು ಮಲಗಿಸಿ ಹಲಗೆಯನ್ನು ಹಿಂಬಾಗಿಲಿನಿಂದ ಹೊರತೆಗೆದು, ಜಗಲಿಯ ಮೇಲಿಟ್ಟು, ಹಳೆಯ ಬಟ್ಟೆ ಸುಲಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಪುಡಿಯನ್ನು ಬ್ರಷ್ಷಿನಲ್ಲಿ ಪೂರ್ತಿ ಉಜ್ಜಿದೆ. ಮೂರು ಮಿಲಿಮೀಟರ್ ಫೋಮಿನ ಹೊಸ ಬಟ್ಟೆಯನ್ನು, ಬಿಸಿ ತಡೆಯುವ ಸ್ಪ್ರೇ ಅಂಟನ್ನು ಎರಡೂ ಕಡೆ ಹೊಡೆದು, ಅದು ಬೆರಳಿಗೆ ಹತ್ತದಷ್ಟು ಆರಿದ ಮೇಲೆ ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಒತ್ತುತ್ತಾ ಕೂರಿಸಿದೆವು. ಎಡಮೂಲೆಯಲ್ಲಿ ಒಂದು ಗುಳ್ಳೆ ಉಳಿದುಕೊಂಡಿದೆ. ಕಾರು ಬಿಸಿಲಲ್ಲಿ ನಿಂತಾಗ ಏಳುತ್ತದೆ, ಸಂಜೆಗೆ ತಾನೇ ಕೂರುತ್ತದೆ.