ಹೊಸ ಕಾರಿನಲ್ಲಿ ಸುಟ್ಟ ವಾಸನೆ: ಪುಣೆಯಲ್ಲಿ ನನ್ನ ಅನುಭವ

ಕಾರು ಮನೆಗೆ ಬಂದು ನಾಲ್ಕನೇ ದಿನ. ಇನ್ನೂ 62 ಕಿಲೋಮೀಟರ್ ಓಡಿತ್ತು ಅಷ್ಟೇ. ಕರ್ವೆ ರಸ್ತೆಯ ಸಿಗ್ನಲ್‌ನಲ್ಲಿ ನಿಂತಿದ್ದೆವು. "ರೀ, ಏನೋ ಸುಟ್ಟಂಗ ವಾಸನಿ ಬರಾಕತ್ತೈತಲ್ಲ" ಅಂದಳು ನನ್ನ ಹೆಂಡತಿ. ನಾವು ವಿಜಯಪುರದ ಕಡೆಯವರು, ಪುಣೆಗೆ ಬಂದು ಹನ್ನೊಂದು ವರ್ಷ. ಇಷ್ಟು ವರ್ಷ ಕೂಡಿಟ್ಟ ದುಡ್ಡಿನಲ್ಲಿ ತಗೊಂಡ ಮೊದಲ ಹೊಸ ಕಾರು. ಎದೆ ಧಸಕ್ ಅಂತು.

ಆಗ ನಾನು ಮಾಡಿದ್ದು ಒಂದೇ ಕೆಲಸ. ಹೊರಗಿನ ಗಾಳಿ ಒಳಗೆ ಬರದಂತೆ ಎಸಿಯ ಗುಂಡಿ ಒತ್ತಿದೆ. ಎರಡು ನಿಮಿಷದಲ್ಲಿ ವಾಸನೆ ಕಮ್ಮಿ ಆಯಿತು. ಮತ್ತೆ ಹೊರಗಿನ ಗಾಳಿ ಬಿಟ್ಟೆ, ಮತ್ತೆ ಬಂತು. ಅಂದರೆ ವಾಸನೆ ಕಾರಿನ ಒಳಗಿನದಲ್ಲ. ಮುಂದಿನ ಗಾಜಿನ ಬುಡದಲ್ಲಿ ಕಪ್ಪು ಜಾಲರಿ ಇರುತ್ತದಲ್ವಾ, ಎಸಿಗೆ ಹೊರಗಿನ ಗಾಳಿ ಬರುವುದು ಅಲ್ಲಿಂದ. ಅದು ಬಾನೆಟ್‌ಗೆ ಅಂಟಿಕೊಂಡೇ ಇದೆ. ಓಡುವಾಗ ಎಂಜಿನ್ನಿನ ಬಿಸಿ ಗಾಳಿಗೆ ಹಾರಿಹೋಗುತ್ತದೆ. ನಿಂತರೆ ಮೇಲೆದ್ದು ನೇರ ಆ ಜಾಲರಿಗೆ ನುಗ್ಗುತ್ತದೆ. ಹಾಗಾಗಿ ಸಿಗ್ನಲ್‌ನಲ್ಲೇ ಜಾಸ್ತಿ.

ಮನೆಗೆ ಬಂದು ಎಂಜಿನ್ ಆಫ್ ಮಾಡಿ ಕಾರಿನ ಸುತ್ತ ಬಗ್ಗಿ ಬಗ್ಗಿ ಮೂಸಿದೆ. ನಾಲ್ಕು ಚಕ್ರದ ಹತ್ತಿರ ಏನೂ ಇಲ್ಲ. ಬಾನೆಟ್ ಎತ್ತಿದಾಗ ಮೇಣ ಕಾಸಿದಂಥ ವಾಸನೆ. ಇದಕ್ಕೆ ಹೆದರಬೇಕಿಲ್ಲ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಲೋಹದ ಭಾಗಗಳಿಗೆ ಎಣ್ಣೆ, ಮೇಣ ಸವರಿರುತ್ತಾರೆ. ಎಂಜಿನ್ ಮತ್ತು ಸೈಲೆನ್ಸರ್ ಪೈಪು ಕಾದಂತೆಲ್ಲ ಅದು ಸುಟ್ಟು ಹೋಗುತ್ತದೆ. ಮೊದಮೊದಲು ತೆಳ್ಳಗೆ ಹೊಗೆ ಕಂಡರೂ ಕಾಣಬಹುದು.

ಅವತ್ತಿನಿಂದ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಎಷ್ಟು ಕಿಲೋಮೀಟರ್, ಎಲ್ಲಿ, ಯಾವುದರ ಹಾಗೆ ವಾಸನೆ, ಇಷ್ಟು ಬರೆಯುತ್ತಿದ್ದೆ. ವಾಸನೆ ಇದೆಯೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ, ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ ಏರುತ್ತಿದೆಯಾ ಅನ್ನುವುದು ಮುಖ್ಯ. ಅದು ಬರೆದಿಟ್ಟರೇ ಗೊತ್ತಾಗುವುದು. ನಮ್ಮ ಕಾರಿನಲ್ಲಿ 300 ಕಿಲೋಮೀಟರ್ ಹೊತ್ತಿಗೆ ಮೇಣದ ವಾಸನೆ ಹೆಚ್ಚುಕಮ್ಮಿ ಹೋಗಿತ್ತು.

340ಕ್ಕೆ ಮತ್ತೆ ಬಂತು. ಈ ಸಲ ಡಾಂಬರು ಕಾಸಿದ ಹಾಗೆ, ಗಂಟಲಿಗೆ ಹತ್ತುವಂಥದ್ದು. ಎರಡು ದಿನ ಮೊದಲು ಮಳೆಗಾಲಕ್ಕೆ ಅಂತ ಕಾರಿನ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಿದ್ದೆ. ಕಾರು ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ನೆಲಕ್ಕೆ ಮಲಗಿ ನೋಡಿದೆ. ಸೈಲೆನ್ಸರ್ ಪೈಪಿನ ಮೇಲೆ ಅಂಗೈಯಷ್ಟು ಅಗಲ ಕಪ್ಪು ಕಲೆ, ಅದರಿಂದ ಇಳಿದ ಎರಡು ಹನಿ. ಅಂಚೆಲ್ಲ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು, ಉಗುರು ತಾಗಿಸಿದರೆ ಪುಡಿ ಪುಡಿ. ನಮ್ಮ ಗಲ್ಲಿಯ ಮೆಕ್ಯಾನಿಕ್ ನಿಪ್ಪಾಣಿ ಕಡೆಯ ಹುಡುಗ. ನೋಡಿದವನೇ, "ಸಾಹೇಬ್ರ, ಪೈಪಿಗೆ ಕಾಗದ ಸುತ್ತಿ ಹೊಡೀಬೇಕಿತ್ರಿ ಇದನ್ನ" ಅಂದ. ಅವನೇ ಕೆರೆದು ಒರೆಸಿ ಕೊಟ್ಟ. ಕೋಟಿಂಗ್ ಮಾಡಿಸುವವರು ಪೈಪು, ಬ್ರೇಕು ಎರಡನ್ನೂ ಮುಚ್ಚಿ ಹೊಡೆಯಲು ಹೇಳಿ, ಎದುರಿಗೇ ನಿಂತು ನೋಡಿ. ನಾನು ನಿಲ್ಲಲಿಲ್ಲ, ಅದಕ್ಕೆ ಇವತ್ತಿಗೂ ಬೇಜಾರಿದೆ.

ಮೂರನೇ ವಾಸನೆ ಸಿಂಹಗಡದ ಘಾಟಿನಲ್ಲಿ. ಭಾನುವಾರದ ಸಾಲು, ಏರಿನಲ್ಲಿ ಹಾಫ್ ಕ್ಲಚ್, ಅಂದರೆ ಕ್ಲಚ್ ಪೆಡಲ್ ಅರ್ಧ ಒತ್ತಿಕೊಂಡೇ ಕಾರು ಹಿಡಿದು ನಿಲ್ಲಿಸುವುದು. ಕಾಗದ ಸುಟ್ಟಂಥ ವಾಸನೆ ಬಂದರೆ ಅದು ಕ್ಲಚ್. ಹ್ಯಾಂಡ್‌ಬ್ರೇಕ್ ಹಾಕಿ ನಿಂತೆ. ಮುಂದೆ ನಾಲ್ಕು ಕಾರಿನಷ್ಟು ಜಾಗ ಆದ ಮೇಲೇ ಹೊರಟೆ. ಇಳಿಯುವಾಗ ಬ್ರೇಕ್ ಜಾಸ್ತಿ ಕಾಯದಿರಲಿ ಅಂತ ಎರಡನೇ ಗೇರ್. ಹೊಸ ಬ್ರೇಕ್ ಪ್ಯಾಡು ಕಾದರೂ ವಾಸನೆ ಬರುತ್ತದೆ. ಆದರೆ ಒಂದೇ ಚಕ್ರ ಬಿಸಿಯಾಗಿ ವಾಸನೆ ಬಂದರೆ ಬ್ರೇಕ್ ಹಿಡಿದುಕೊಂಡಿದೆ ಅಂತ ಅನುಮಾನ ಪಡಬೇಕು.

ಕೆಲವು ವಾಸನೆಗಳಿಗೆ ಮಾತ್ರ ನೋಟ್‌ಬುಕ್ ಬೇಡ. ಹಸಿ ಪೆಟ್ರೋಲ್, ವೈರ್ ಅಥವಾ ಪ್ಲಾಸ್ಟಿಕ್ ಸುಟ್ಟಿದ್ದು, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೋರಿದಾಗಿನ ಸಿಹಿ ಸಿಹಿ ವಾಸನೆ. ಇವು ಬಂದರೆ ಕಾರು ಹೊಸದು ಅಂತ ಸುಮ್ನೆ ಇರಬೇಡಿ. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ, ಶೋರೂಮಿಗೆ ಫೋನ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಒಳಗಿನ ಸೀಟು, ಅಂಟು, ಪ್ಲಾಸ್ಟಿಕ್ಕಿನ ವಾಸನೆ ಬಿಸಿಲಿಗೆ ಜಾಸ್ತಿ ಆಗುತ್ತದೆ. ಹೊರಡುವ ಮುಂಚೆ ನಾಲ್ಕೂ ಗಾಜು ಇಳಿಸಿ ಐದು ನಿಮಿಷ ಬಿಟ್ಟರೆ ಸಾಕು. ನಮ್ಮ ಮಗಳಿಗೆ ಅದರಿಂದಲೇ ತಲೆನೋವು ಬರುತ್ತಿತ್ತು. ಅದರ ಮೇಲೆ ಸೆಂಟು ಬಾಟಲಿ ಇಡುವುದು ನನಗೆ ಸರಿ ಕಾಣಲಿಲ್ಲ. ಬೇರೆ ವಾಸನೆ ಬಂದರೂ ಗೊತ್ತಾಗುವುದಿಲ್ಲ.

ಮೊದಲ ಸರ್ವೀಸ್ ಆದ ಮೇಲೆ ಸೋಲಾಪುರದ ಮೇಲಿಂದ ಊರಿಗೆ ಹೊರಟೆವು. ಇಂದಾಪುರದ ಹತ್ತಿರ ಚಹಾಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಹೆಂಡತಿಯೂ ಬಂದು ಬಗ್ಗಿದಳು. ಕಾದ ಕಬ್ಬಿಣ, ರಸ್ತೆಯ ಧೂಳು, ಪಕ್ಕದ ಹೋಟೆಲಿನ ಭಜಿ ಕರಿಯುವ ಎಣ್ಣೆ. ಬೇರೇನೂ ಇರಲಿಲ್ಲ.